ಕಬ್ಬಿನ ಗದ್ದೆಯ ಮೂರು ಮರಿಗಳು: ಎರಡು ರಾತ್ರಿಗಳ ಒಂದು ಪ್ರಕರಣ

ಹಳೇ ಮೈಸೂರು ಭಾಗದ ನಾಲಾ ಬಯಲಿನ ಒಂದು ಊರಿನಲ್ಲಿ ನಡೆದದ್ದು ಇದು. ಊರು ಯಾವುದು, ಜನ ಯಾರು ಎಂಬುದನ್ನು ಬೇಕೆಂದೇ ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಸಣ್ಣಪುಟ್ಟ ವಿವರಗಳನ್ನು ಬದಲಿಸಿದ್ದೇನೆ. ಜಮೀನಿನವರನ್ನು ಗೌಡರು ಎಂದೂ, ಆ ಬೀಟಿನ ಅರಣ್ಯ ರಕ್ಷಕರನ್ನು ಗಾರ್ಡ್ ಎಂದೂ ಕರೆಯುತ್ತೇನೆ. ನಾನು ಇಲಾಖೆಯವನಲ್ಲ. ಪ್ರಾಣಿ ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಕಟ್ಟುವುದು, ಹೆಜ್ಜೆ ಗುರುತು ನೋಡುವುದು, ಕರೆದಾಗ ಹೋಗಿ ಕೈಜೋಡಿಸುವುದು, ಇಷ್ಟೇ ನನ್ನ ಪಾಲು. ಪ್ರತಿ ವರ್ಷ ಕಟಾವು ಶುರುವಾದೊಡನೆ ಕಬ್ಬಿನಲ್ಲಿ ಚಿರತೆ ಮರಿ ಸಿಕ್ಕಿವೆ ಎಂಬ ಫೋನು ಬಂದೇ ಬರುತ್ತದೆ. ಮೊದಲ ಒಂದು ಗಂಟೆಯಲ್ಲಿ ಅಲ್ಲಿರುವುದು ಅಧಿಕಾರಿಯಲ್ಲ, ಡಾಕ್ಟರಲ್ಲ. ಒಬ್ಬ ರೈತ, ಒಬ್ಬ ಮೇಸ್ತ್ರಿ, ನಾಲ್ಕು ಜನ ಹುಡುಗರು. ಅವರಿಗೆ ತಲುಪಲಿ ಎಂದು ನಡೆದದ್ದನ್ನು, ನಾವು ಎಡವಿದ್ದನ್ನೂ ಸೇರಿಸಿ, ಬರೆಯುತ್ತಿದ್ದೇನೆ.

ಕಬ್ಬೇ ಕಾಡಾದ ಕಡೆ

ಈ ಸೀಮೆಯಲ್ಲಿ ಕಬ್ಬು ಹತ್ತರಿಂದ ಹನ್ನೆರಡು ತಿಂಗಳ ಬೆಳೆ. ಆಳುದ್ದ ಬೆಳೆದ ಮೇಲೆ ಕಟಾವಿನ ತನಕ ಒಳಗೆ ಯಾರೂ ಹೆಚ್ಚು ಕಾಲಿಡುವುದಿಲ್ಲ. ಒಳಗೆ ನೆರಳು, ಪಕ್ಕದಲ್ಲಿ ನಾಲೆಯ ನೀರು, ಊರಂಚಿನಲ್ಲಿ ರಾತ್ರಿಯೆಲ್ಲ ಅಲೆಯುವ ನಾಯಿಗಳು. ಬಸುರಿ ಚಿರತೆಗೆ ಇನ್ನೇನು ಬೇಕು? ಇಂಥ ಗದ್ದೆಯಲ್ಲೇ ಹುಟ್ಟಿ, ಇಂಥ ಗದ್ದೆಯಲ್ಲೇ ಬೇಟೆ ಕಲಿತ ಪ್ರಾಣಿಗೆ ‘ಕಾಡಿನಿಂದ ನಾಡಿಗೆ ಬಂದ ಚಿರತೆ’ ಎಂಬ ಪತ್ರಿಕೆಯ ಮಾತು ಹೊಂದುವುದೇ ಇಲ್ಲ. 2022ರ ರಾಷ್ಟ್ರೀಯ ಅಂದಾಜಿನಲ್ಲಿ ಕರ್ನಾಟಕಕ್ಕೆ 1,879 ಚಿರತೆಗಳ ಲೆಕ್ಕ ಸಿಕ್ಕಿತು, ಮಧ್ಯಪ್ರದೇಶ, ಮಹಾರಾಷ್ಟ್ರಗಳ ನಂತರದ ಸ್ಥಾನ. ಅದು ಹೆಚ್ಚಾಗಿ ಕಾಡನ್ನೇ ನೋಡಿ ಮಾಡಿದ ಲೆಕ್ಕ. ಕಬ್ಬಿನೊಳಗಿನವು ಅದರಾಚೆ ಇವೆ.

ಈ ಊರಿನವರಿಗೆ ‘ಕಿರುಬ’, ಅಂದರೆ ಅವರ ಮಾತಿನಲ್ಲಿ ಚಿರತೆ, ಹೊಸದಲ್ಲ. ಆದರೆ ಆ ವರ್ಷದ ಭಯ ಹಿಂದಿನಂತಿರಲಿಲ್ಲ. 2022ರ ಕೊನೆಯಲ್ಲಿ, 2023ರ ಆರಂಭದಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಒಬ್ಬರ ಹಿಂದೊಬ್ಬರು ಬಲಿಯಾಗಿದ್ದರು. ಸರ್ಕಾರ ಸಾವಿನ ಪರಿಹಾರವನ್ನು ಏಳೂವರೆ ಲಕ್ಷದಿಂದ ಹದಿನೈದು ಲಕ್ಷಕ್ಕೆ ಏರಿಸಿತು. ಊರಿನ ಹೆಂಗಸೊಬ್ಬರು ನನ್ನ ಮುಖಕ್ಕೇ ಕೇಳಿದ್ದರು: “ಹದ್ನೈದ್ ಲಕ್ಸ ಕೊಟ್ರೆ ನನ್ ಮಗ ಎದ್ ಬತ್ತನಾ ಸಾ?” ನನ್ನಲ್ಲಿ ಉತ್ತರವಿರಲಿಲ್ಲ. ಚಿರತೆಯ ಪರವಾಗಿ ಮಾತಾಡಲು ಹೋಗುವವರು ಈ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡೇ ಹೋಗಬೇಕು.

ಇನ್ನೂ ಒಂದು ಹಿನ್ನೆಲೆ. ಎರಡು ವರ್ಷದ ಹಿಂದೆ ಇದೇ ಊರಿನಲ್ಲಿ ಬೋನಿಟ್ಟು ಒಂದು ಗಂಡು ಚಿರತೆ ಹಿಡಿದು ಸಾಗಿಸಿದ್ದರು. ಕೆಲವೇ ತಿಂಗಳಲ್ಲಿ ಬೇರೊಂದು ಬಂತು. ನೀರು, ಮರೆ, ನಾಯಿ ಮೂರೂ ಇರುವ ಜಾಗ ಖಾಲಿಯಾದರೆ ಪಕ್ಕದ ಸರಹದ್ದಿನ ಇನ್ನೊಂದು ಅದನ್ನು ಹಿಡಿಯುತ್ತದೆ. ಊರಿನವರು ಮಾತ್ರ ಇದನ್ನು ‘ಅದೇ ವಾಪಸ್ ಬಂದದೆ’ ಎಂದೇ ತಿಳಿದಿದ್ದರು.

ಬೆಳಿಗ್ಗೆ ಹತ್ತರಿಂದ ಹನ್ನೆರಡು

ಧನುರ್ಮಾಸದ ಚಳಿ. ಬಳ್ಳಾರಿ ಕಡೆಯಿಂದ ಬಂದ ಗ್ಯಾಂಗು ಗೌಡರ ಕೂಳೆ ಕಬ್ಬು ಕಡಿಯುತ್ತಿತ್ತು. ಹತ್ತು ಗಂಟೆ ಹೊತ್ತಿಗೆ ಒಬ್ಬಾಕೆಯ ಮಚ್ಚು ತರಗಿನ ಮೇಲೆ ಹೋಗಿ ನಿಂತಿತು. ಒಳಗೆ ಮೂರು ಮರಿ.

ಮುಂದಿನ ಎರಡು ಗಂಟೆಯ ಬಗ್ಗೆ ನನಗೆ ಈಗಲೂ ಸಂಕಟ. ಸುದ್ದಿ ವಾಟ್ಸಾಪಿನಲ್ಲಿ ಓಡಿತು. ಹುಡುಗರು ಮರಿಗಳನ್ನು ಟವೆಲಿನಲ್ಲಿ ಸುತ್ತಿ ನಾಲೆ ಏರಿಗೆ ತಂದರು. ಕೈಯಿಂದ ಕೈಗೆ, ಮಕ್ಕಳ ಮಡಿಲಿಗೆ, ಸೆಲ್ಫಿಗೆ. ಬಿಸಿಲಿನಲ್ಲಿ. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಒಬ್ಬರು ಪ್ರೀತಿಯಿಂದಲೇ ಲೋಟದಲ್ಲಿ ಹಸುವಿನ ಹಾಲು ತಂದು ಬಾಯಿಗೆ ಹಿಡಿದರು. ಆ ಹಾಲಿನಿಂದ ಹೊಟ್ಟೆ ಕೆಡುತ್ತದೆ, ನೆತ್ತಿಗೇರಿದರೆ ಉಸಿರೇ ಕಟ್ಟಬಹುದು ಎಂದು ಅವರಿಗೆ ಹೇಳಿದವರಾರು? ಗೌಡರ ಮಗ 1926ಕ್ಕೆ, ಅರಣ್ಯ ಇಲಾಖೆಯ ಸಹಾಯವಾಣಿಗೆ, ಫೋನು ಮಾಡಿದ್ದು ಹನ್ನೊಂದು ಕಳೆದ ಮೇಲೆ.

ಗಾರ್ಡ್ ಬಂದವರೇ ಮಾಡಿದ ಮೊದಲ ಕೆಲಸ ಮರಿ ನೋಡುವುದಲ್ಲ, ಕಟಾವು ನಿಲ್ಲಿಸುವುದು. ಅದು ಸರಿಯಾದ ನಿರ್ಧಾರ. ಇನ್ನೂ ಮುಕ್ಕಾಲು ಎಕರೆ ಕಬ್ಬು ನಿಂತಿತ್ತು, ತಾಯಿ ಅದರೊಳಗೇ ಇರಬಹುದಿತ್ತು. ಜನರೆಲ್ಲ “ತಾಯಿ ಬಿಟ್ಟೋಗದೆ” ಎನ್ನುತ್ತಿದ್ದಾಗ ಮಚ್ಚು ಹಿಡಿದಿದ್ದ ಆ ಹಿರಿಯ ಹೆಂಗಸೇ ಹೇಳಿದರು: “ಎಲ್ಲಿ ಹೋಗ್ತೈತ್ರಿ ಯಪ್ಪಾ? ಕೂಸು ಇಲ್ಲೈತಿ ಅಂದ್ಮ್ಯಾಲ ತಾಯೀನೂ ಇಲ್ಲೇ ಎಲ್ಲೋ ಕುಂತೈತಿ.” ಆ ದಿನ ಆ ಗದ್ದೆಯ ಬದುವಿನಲ್ಲಿ ನುಡಿದ ಮಾತುಗಳಲ್ಲಿ ಇದಕ್ಕಿಂತ ನಿಜವಾದದ್ದು ಇನ್ನೊಂದಿರಲಿಲ್ಲ. ಹೆಣ್ಣು ಚಿರತೆ ಮರಿಗಳನ್ನು ಮರೆಯಲ್ಲಿಟ್ಟು ಬೇಟೆಗೆ ಹೋದರೆ ಗಂಟೆಗಟ್ಟಲೆ, ಕೆಲವೊಮ್ಮೆ ಒಂದು ದಿನಕ್ಕೂ ಮೀರಿ ಬರದೆ ಇರಬಹುದು. ಒಂಟಿ ಮರಿ ಎಂದರೆ ತಬ್ಬಲಿ ಮರಿ ಎಂದಲ್ಲ.

ಮಧ್ಯಾಹ್ನ ಪಶುವೈದ್ಯರು ಬಂದರು. ಮೊದಲು ನೋಡಿದ್ದು ಇದು ನಿಜಕ್ಕೂ ಚಿರತೆಯೇ ಎಂದು. ಕಬ್ಬಿನಲ್ಲಿ ಕಾಡುಬೆಕ್ಕಿನ ಮರಿ ಸಿಕ್ಕಿ ಚಿರತೆ ಮರಿ ಎಂದು ಗುಲ್ಲಾಗುವುದು ಪ್ರತಿ ವರ್ಷದ ಕತೆ. ಕಾಡುಬೆಕ್ಕಿನ ಮರಿಗೆ ಮಣ್ಣಿನ ಬಣ್ಣ, ಮಾಸಲು ಪಟ್ಟೆ, ಚೂಪು ಕಿವಿ. ಇವಕ್ಕೆ ಬೂದು ಮೈ, ಒತ್ತೊತ್ತಾದ ಕಪ್ಪು ಚುಕ್ಕೆ, ದುಂಡು ಕಿವಿ. ಕಣ್ಣು ಪೂರ್ತಿ ತೆರೆದಿದ್ದವು, ಇನ್ನೂ ನೀಲಿ ಮಾಸಿರಲಿಲ್ಲ. ಸುಮಾರು ಮೂರು ವಾರದವು ಎಂದರು. ಎರಡು ಗಟ್ಟಿಯಾಗಿದ್ದವು. ಮೂರನೆಯದು, ಎಲ್ಲಕ್ಕಿಂತ ಸಣ್ಣದು, ನೀರು ಬತ್ತಿ ಜೋಲುತ್ತಿತ್ತು.

ಎಲ್ಲಿಗೆ ಕಳಿಸುವುದು?

ಸುಲಭದ ದಾರಿ ಕಣ್ಣ ಮುಂದೆಯೇ ಇತ್ತು. ಮೂರನ್ನೂ ಬುಟ್ಟಿಯಲ್ಲಿಟ್ಟು ಪುನರ್ವಸತಿ ಕೇಂದ್ರಕ್ಕೆ ಕಳಿಸಿದ್ದರೆ ಸಂಜೆಗೆ ಎಲ್ಲ ಮುಗಿಯುತ್ತಿತ್ತು. ಯಾರೂ ತಪ್ಪು ಹೇಳುತ್ತಿರಲಿಲ್ಲ, ಊರೂ ನಿಟ್ಟುಸಿರು ಬಿಡುತ್ತಿತ್ತು. ಆದರೆ ಮನುಷ್ಯರ ಕೈಯಲ್ಲಿ ಬೆಳೆದ ಚಿರತೆಯನ್ನು ಮತ್ತೆ ಬಯಲಿಗೆ ಬಿಡುವುದು ಕಷ್ಟ, ಅಪಾಯವೂ ಹೌದು. ಅಂದರೆ ಮುಂದಿನ ಹದಿನೈದು, ಇಪ್ಪತ್ತು ವರ್ಷ ಕಂಬಿಯ ಹಿಂದೆ. ಇತ್ತ ಊರಿನಲ್ಲಿ, ಮರಿ ಹುಡುಕುತ್ತಾ ರಾತ್ರಿಯೆಲ್ಲ ಗದ್ದೆ ಸುತ್ತುವ ಒಂದು ತಾಯಿ ಉಳಿಯುತ್ತಿತ್ತು. ಅದೇ ಗದ್ದೆಗಳಿಗೆ ರಾತ್ರಿ ನೀರು ಕಟ್ಟಲು ಜನ ಹೋಗುತ್ತಾರೆ. ಪಂಪ್ ಓಡಿಸುವ ತ್ರೀ ಫೇಸ್ ಕರೆಂಟು ಆ ವಾರ ಬರುತ್ತಿದ್ದುದು ರಾತ್ರಿ ಪಾಳಿಯಲ್ಲಿ.

ವಲಯ ಅರಣ್ಯಾಧಿಕಾರಿ ಮೇಲಿನವರೊಡನೆ ಮಾತಾಡಿ, ಮರಿಗಳನ್ನು ತಾಯಿಗೇ ಒಪ್ಪಿಸುವುದೆಂದು ತೀರ್ಮಾನಿಸಿದರು. ಡಾಕ್ಟರು ಸಣ್ಣ ಮರಿಗೆ ಚರ್ಮದಡಿ ದ್ರವ ಕೊಟ್ಟರು; ಉಳಿದವಕ್ಕೆ ಸ್ವಲ್ಪವೇ ಮೇಕೆ ಹಾಲು. “ಹೊಟ್ಟೆ ಬಿರಿಯ ಕುಡಿಸಿದ್ರೆ ಮಲಗಿಬಿಡ್ತವೆ. ಕೂಗಬೇಕು ಇವು, ಕೂಗಿದ್ರೇ ತಾಯಿಗೆ ತಿಳಿಯೋದು,” ಎಂದರು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ನಂಬಿಕೆ ಊರಿನಲ್ಲಿ ಗಟ್ಟಿಯಾಗಿತ್ತು. ಅದು ನಿಜವಲ್ಲ. ಮಹಾರಾಷ್ಟ್ರದ ಜುನ್ನರ್ ಕಡೆ ಕಬ್ಬಿನಲ್ಲಿ ಸಿಕ್ಕ ಎಷ್ಟೋ ಮರಿಗಳನ್ನು, ಕೈಯಾಡಿದ ಮೇಲೂ, ತಾಯಂದಿರು ಕಚ್ಚಿಕೊಂಡು ಹೋಗಿವೆ.

ಮೊದಲ ರಾತ್ರಿ ನಾವು ಮಾಡಿದ ತಪ್ಪು

ಮರಿ ಸಿಕ್ಕ ಜಾಗದ ಸುತ್ತ ಅಷ್ಟರಲ್ಲಿ ಕಬ್ಬು ಕಡಿದಾಗಿತ್ತು. ಬರಿಯ ಕೂಳೆ, ಬಟಾಬಯಲು. ಅಲ್ಲಿಟ್ಟರೆ ತಾಯಿಗೆ ಮರೆಯಿಲ್ಲ ಎಂದು ನಾವೇ ಅಂದುಕೊಂಡು, ಇನ್ನೂರು ಅಡಿ ಆಚೆ ನಾಲೆ ಏರಿಯ ಬೇವಿನ ಮರದ ಬುಡದಲ್ಲಿ ಕ್ರೇಟ್ ಇಟ್ಟೆವು. ಸತ್ಯ ಹೇಳಬೇಕೆಂದರೆ ಕಾರಣ ಮರೆಯೊಂದೇ ಅಲ್ಲ. ಅಲ್ಲಿಗೆ ಜೀಪು ಹೋಗುತ್ತಿತ್ತು, ನಮಗೆ ಕಾಯಲು ಅನುಕೂಲವಿತ್ತು. ಜಾಗ ಆರಿಸಿದ್ದು ನಾನು.

ಗಾರ್ಡ್ ಒಪ್ಪಲಿಲ್ಲ. “ಸಾರ್, ಅವ್ಳು ಹುಡುಕೋದು ತಾನು ಬಿಟ್ಟ ಜಾಗ್ದಲ್ಲೇ. ನಾವ್ ಇಟ್ಟ ಜಾಗ ಅವ್ಳಿಗೆ ಹೆಂಗ್ ಗೊತ್ತಾಯ್ತದೆ?” ಕೊನೆಗೆ ಒಂದು ಕ್ಯಾಮೆರಾ ಕ್ರೇಟಿನ ಮುಂದೆ, ಇನ್ನೊಂದು ಅವರ ಸಮಾಧಾನಕ್ಕೆಂದು ಹಳೆಯ ಜಾಗದಲ್ಲಿ ಕಟ್ಟಿದೆ.

ಆ ರಾತ್ರಿ ಏರಿಯ ಮೇಲೆ ಆಲೆಮನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳು ಓಡಾಡಿದವು. ಹನ್ನೊಂದರವರೆಗೂ ಹುಡುಗರು ಬೈಕಿನಲ್ಲಿ ಬಂದು ಟಾರ್ಚು ಬಿಡುತ್ತಿದ್ದರು. ನಮ್ಮ ಜೀಪೂ ನೂರಡಿ ದೂರದಲ್ಲೇ ನಿಂತಿತ್ತು. ಬೆಳಗಿನ ಜಾವ ಕ್ರೇಟಿನಲ್ಲಿ ಮೂರೂ ಮರಿ ಹಾಗೇ ಇದ್ದವು. ಕೂಗಿ ಕೂಗಿ ಗಂಟಲು ಕಟ್ಟಿತ್ತು.

ಕಾರ್ಡು ತೆಗೆದು ನೋಡಿದರೆ ಕ್ರೇಟಿನ ಮುಂದೆ ಏನೂ ಇಲ್ಲ. ಹಳೆಯ ಜಾಗದ ಕ್ಯಾಮೆರಾದಲ್ಲಿ ಅವಳು ಮೂರು ಬಾರಿ ಬಂದಿದ್ದಳು. ತರಗು ಕೆದಕಿದ್ದಾಳೆ, ಮೂಸಿದ್ದಾಳೆ, ಒಂದು ಚಿತ್ರದಲ್ಲಿ ತಲೆ ಎತ್ತಿ ನೇರ ನಾಲೆ ಏರಿಯ ಕಡೆ ನೋಡುತ್ತಿದ್ದಾಳೆ. ಮರಿಗಳ ದನಿ ಅವಳಿಗೆ ಕೇಳಿಸುತ್ತಿತ್ತು. ನಡುವೆ ನಾವಿದ್ದೆವು. ಆ ಚಿತ್ರವನ್ನು ನೋಡುತ್ತ ಕೂತ ಐದು ನಿಮಿಷ ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ಅರಳಿಕಟ್ಟೆಯ ಮಧ್ಯಾಹ್ನ

ಮಾರನೆಯ ದಿನವೇ ಪ್ರಕರಣದ ನಿಜವಾದ ಕವಲು. ಊರಿನ ಮುಖಂಡರು, ಪಕ್ಕದೂರಿನವರು ಸೇರಿದರು. ಬೇಡಿಕೆ ಸ್ಪಷ್ಟವಿತ್ತು: ಮರಿಗಳನ್ನೇ ಬೋನಿನೊಳಗಿಟ್ಟು ತಾಯಿಯನ್ನು ಹಿಡಿಯಿರಿ, ನಾಲ್ಕನ್ನೂ ದೂರದ ಕಾಡಿಗೆ ಬಿಡಿ. ಕೇಳಲು ನ್ಯಾಯವಾಗಿಯೇ ಇದೆ. ಹತ್ತು ಜನ ಅಧಿಕಾರಿಗಳಲ್ಲಿ ಕೆಲವರಾದರೂ ಆ ಗಳಿಗೆಯಲ್ಲಿ ಮಣಿಯುತ್ತಾರೆ. ಅವರನ್ನು ದೂರುವ ಮನಸ್ಸೂ ನನಗಿಲ್ಲ.

ಚಿರತೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ, ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಯಿಲ್ಲದೆ ಹಿಡಿಯುವಂತಿಲ್ಲ ಎಂದು ಅಧಿಕಾರಿ ಹೇಳಿದರು. ಕಾನೂನಿನ ಮಾತಿಗೆ ಕಟ್ಟೆ ಇನ್ನಷ್ಟು ಕೆರಳಿತು. ಆಗ ನಾನು ಜುನ್ನರಿನ ವಿಷಯ ತೆಗೆದೆ. ಅಲ್ಲೂ ಕಬ್ಬು, ಅಲ್ಲೂ ನಾಲೆ, ಅಲ್ಲೂ ನಮ್ಮಂಥ ಊರು. 2001ರಿಂದ 2003ರವರೆಗೆ ಗದ್ದೆಗಳಿಂದ ನೂರಕ್ಕೂ ಹೆಚ್ಚು ಚಿರತೆ ಹಿಡಿದು, ಅವುಗಳಲ್ಲಿ ಹಲವನ್ನು ಕಾಡುಗಳಿಗೆ ಬಿಟ್ಟರು. ಜನರ ಮೇಲಿನ ದಾಳಿ ತಗ್ಗಲಿಲ್ಲ, ಏರಿತು. ಬಿಟ್ಟ ಕಡೆಯ ಊರುಗಳಲ್ಲೂ ದಾಳಿ ಕಾಣಿಸಿಕೊಂಡಿತು. ಹಿಡಿಯುವಾಗಿನ ಗಾಯ, ಗಾಬರಿ, ಗೊತ್ತಿಲ್ಲದ ನೆಲ, ತನ್ನ ಜಾಗಕ್ಕೆ ಮರಳುವ ತವಕ, ಇವೆಲ್ಲ ಸೇರಿ ಸುಮ್ಮನಿದ್ದ ಪ್ರಾಣಿಯೂ ಅಪಾಯವಾಗಬಹುದು ಎಂದು ಅಲ್ಲಿ ಅಧ್ಯಯನ ಮಾಡಿದವರು ಕಂಡುಕೊಂಡರು. 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯೂ ಹಿಡಿದು ಬೇರೆಡೆ ಬಿಡುವುದನ್ನು ಪರಿಹಾರವೆಂದು ಒಪ್ಪಲಿಲ್ಲ.

ಇದರಿಂದ ಎಲ್ಲರೂ ಒಪ್ಪಿದರು ಎಂದರೆ ಸುಳ್ಳಾಗುತ್ತದೆ. ಮಾತು ತಿರುಗಿದ್ದು ಗೌಡರಿಂದ. “ಎಲ್ಡ್ ವರ್ಸದ್ ಹಿಂದೆ ಹಿಡ್ಕಂಡೋದ್ರಲ್ಲ, ಏನಾಯ್ತು? ಇನ್ನೊಂದ್ ಬರ್ನಿಲ್ವಾ? ಇವ್ಳು ನಾಲ್ಕ್ ವರ್ಸದಿಂದ ಇಲ್ಲೇ ಅವ್ಳೆ. ನಾಯಿ ತಿಂದವ್ಳೆ, ನಂದೊಂದ್ ಕುರೀನೂ ತಿಂದವ್ಳೆ. ಮನುಸ್ರನ್ನ ಮುಟ್ಟಿಲ್ಲ. ಇವತ್ತೊಂದ್ ರಾತ್ರಿ ನೋಡಾನ,” ಎಂದರು. ಕುರಿ ಕಳೆದುಕೊಂಡವರೇ ಹೇಳಿದ ಮಾತಿಗೆ ಇದ್ದ ತೂಕ ನನ್ನ ಜುನ್ನರಿಗೆ ಇರಲಿಲ್ಲ. ಅಂದು ಸಂಜೆ ಬೋನು ಬರಲಿಲ್ಲ.

ಆದರೆ ಗೌಡರು ತೆತ್ತ ಬೆಲೆಯನ್ನು ಹೇಳದೆ ಮುಂದೆ ಹೋಗಲಾರೆ. ಕಡಿದ ಕಬ್ಬು ಬಿದ್ದಷ್ಟೂ ಒಣಗಿ ತೂಕ ಇಳಿಯುತ್ತದೆ, ಆಲೆಮನೆಯ ಸರದಿ ತಪ್ಪುತ್ತದೆ. ಗ್ಯಾಂಗಿನವರಿಗೆ ಟನ್ನಿನ ಲೆಕ್ಕದ ಕೂಲಿ. ಕಡಿಯದ ದಿನ ಅವರಿಗೆ ಅನ್ನವಿಲ್ಲ. ಮೇಸ್ತ್ರಿ ಗೌಡರ ತಮ್ಮನ ಗದ್ದೆಗೆ ಅವರನ್ನು ಹೊಂದಿಸಿದ್ದರಿಂದ ಒಂದು ದಾರಿಯಾಯಿತು. ಗೌಡರ ನಷ್ಟವನ್ನು ಯಾವ ತಲೆಬರಹದಡಿಯಲ್ಲೂ ನಮಗೆ ಕೊಡಿಸಲಾಗಲಿಲ್ಲ. ಕುರಿ ಸತ್ತರೆ ಅರ್ಜಿಯುಂಟು, ಚಿರತೆಯ ಮರಿಗಾಗಿ ಎರಡು ದಿನ ಮಚ್ಚು ಕೆಳಗಿಟ್ಟವರಿಗೆ ಏನೂ ಇಲ್ಲ. ಇದು ನನಗೆ ಇಂದಿಗೂ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಎರಡನೆಯ ರಾತ್ರಿ

ಈ ಸಲ ಗಾರ್ಡ್ ಹೇಳಿದಂತೆ ನಡೆಯಿತು. ಕ್ರೇಟನ್ನು ಮರಿ ಸಿಕ್ಕ ಅದೇ ಗುಣಿಗೆ ತಂದಿಟ್ಟೆವು. ಮರಿ ಹತ್ತಿ ಹೊರಬರಲಾಗದಷ್ಟು ಎತ್ತರ, ತಾಯಿ ಬಗ್ಗಿ ಎತ್ತಿಕೊಳ್ಳಲು ಸಲೀಸು, ಮೇಲೆ ಮುಚ್ಚಳವಿಲ್ಲ. ಮೂರು ಕಡೆ ಸೋಗೆ ಪೇರಿಸಿ ಮರೆ ಮಾಡಿದೆವು; ನಿಂತ ಕಬ್ಬಿನ ಕಡೆ ತೆರೆದಿಟ್ಟೆವು. ಮರಿಗಳ ಉಚ್ಚೆ ತಾಗಿದ ಗೋಣಿಚೀಲವನ್ನು ಒಳಗೇ ಹಾಸಿದೆವು. ಕಡಿದ ಕಬ್ಬನ್ನೆಲ್ಲ ಸಂಜೆ ನಾಲ್ಕು ಗಂಟೆಯೊಳಗೆ ಸಾಗಿಸಿದ್ದರಿಂದ ಏರಿಯ ಮೇಲೆ ಟ್ರ್ಯಾಕ್ಟರಿಲ್ಲ. ನೀರು ಕಟ್ಟುವವರು ಅಂದು ರಾತ್ರಿ ಹೋಗುವುದಿಲ್ಲ ಎಂದು ಮಾತು ಕೊಟ್ಟರು. ಏರಿಯ ಎರಡೂ ತುದಿಯಲ್ಲಿ ಕಾವಲಿಗೆ ನಿಂತವರು ಹಿಂದಿನ ರಾತ್ರಿ ಟಾರ್ಚು ಬಿಟ್ಟಿದ್ದ ಹುಡುಗರೇ. ಅವರನ್ನು ಬೈದು ಓಡಿಸುವ ಬದಲು ಕೆಲಸ ಕೊಟ್ಟದ್ದು ಗೌಡರ ಮಗನ ಉಪಾಯ. ನಾವು ಅರ್ಧ ಕಿಲೋಮೀಟರು ಆಚೆ ಪಂಪ್‌ಸೆಟ್ ಮನೆಯಲ್ಲಿ ದೀಪ ಆರಿಸಿ ಕೂತೆವು. ಸಿಮ್ ಹಾಕಿ ಮೊಬೈಲಿಗೆ ಚಿತ್ರ ಕಳಿಸುವ ಕ್ಯಾಮೆರಾ ಒಂದನ್ನು ಎರವಲು ತಂದಿದ್ದೆ.

ಎಂಟೂಕಾಲಿಗೆ ಮೊದಲ ಚಿತ್ರ. ಕ್ರೇಟಿನ ಅಂಚಿನಲ್ಲಿ ಅವಳ ಮುಖ. ಮುಂದಿನದರಲ್ಲಿ ಬಾಯಲ್ಲಿ ಒಂದು ಮರಿ. ಒಂಬತ್ತಕ್ಕೆ ಎರಡನೆಯದು ಹೋಯಿತು. ಪಂಪ್‌ಸೆಟ್ ಮನೆಯಲ್ಲಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು, ಸದ್ದು ಮಾಡುವಂತಿಲ್ಲವಲ್ಲ.

ಆಮೇಲೆ ಏನೂ ಬರಲಿಲ್ಲ. ಹತ್ತು, ಹನ್ನೊಂದು, ಹನ್ನೆರಡು. ಉಳಿದದ್ದು ಆ ಸಣ್ಣ ಮರಿ. ಚಳಿ ಏರುತ್ತಿತ್ತು. ಬೇಡವಾದ್ದನ್ನು ಬಿಟ್ಟು ಹೋಗಿದ್ದಾಳೆ, ಈಗಲೇ ತಂದರೆ ಒಂದನ್ನಾದರೂ ಉಳಿಸಬಹುದು ಎಂದು ಒಬ್ಬರು ಎದ್ದು ನಿಂತರು. ನನಗೂ ಹಾಗೇ ಅನಿಸಿತ್ತು. ಡಾಕ್ಟರು ಲೆಕ್ಕ ಹಾಕಿ, ಸಂಜೆ ಕೊಟ್ಟ ದ್ರವ ಮತ್ತು ಗೋಣಿಯ ಬಿಸುಪಿಗೆ ಬೆಳಗಿನ ನಾಲ್ಕರ ತನಕ ತಡೆಯುತ್ತದೆ ಎಂದರು. ಗಾರ್ಡ್ ಬಾಗಿಲಿಗೆ ಅಡ್ಡ ಕೂತರು. “ಅವ್ಳ ಬಾಯಿ ಒಂದೇ ಸಾರ್. ಒಂದೊಂದೇ ಅಲ್ವಾ ಸಾಗಿಸ್ಬೇಕು? ಹೊಸ ಜಾಗ ಎಷ್ಟು ದೂರವೋ ಏನೋ. ನಾವೀಗ ಎದ್ದೋದ್ರೆ ಅವ್ಳು ಈ ಕಡೆ ಬರೋದೇ ಇಲ್ಲ.”

ನಾಲ್ಕಕ್ಕೆ ಹೋಗಿ ತರುವುದೆಂದು ಒಪ್ಪಂದವಾಯಿತು. ಮೂರೂ ಇಪ್ಪತ್ತಕ್ಕೆ ಮೊಬೈಲು ಬೆಳಗಿತು. ಚಿತ್ರ ಅರ್ಧಂಬರ್ಧ ಬಂದಿತ್ತು, ಮೇಲಿನ ಭಾಗ ಮಾತ್ರ: ಕ್ರೇಟಿನ ಮೇಲೆ ಬಾಗಿದ ಬೆನ್ನು. ನೆಟ್‌ವರ್ಕು ಹೋಯಿತು. ಬೆಳಕು ಹರಿದ ಮೇಲೆ ಹೋಗಿ ನೋಡಿದಾಗ ಕ್ರೇಟು ಬರಿದಾಗಿತ್ತು.

ಆಮೇಲೆ

ಉಳಿದ ಮುಕ್ಕಾಲು ಎಕರೆಯನ್ನು ಎರಡು ದಿನ ಬಿಟ್ಟು ಕಡಿದರು. ಊರ ಕಡೆಯಿಂದ ಶುರುಮಾಡಿ ನಾಲೆಯ ಕಡೆಗೆ, ಒಂದೇ ದಿಕ್ಕಿಗೆ, ತಮಟೆ ಬಡಿಯುತ್ತಾ. ಸುತ್ತಲಿಂದ ಕಡಿದು ನಡುವೆ ಒಂದು ತುಂಡು ಉಳಿಸುವ ಹಳೆಯ ಅಭ್ಯಾಸ ಬಿಟ್ಟರು. ಹಾಗೆ ಕಡಿದಾಗ ಒಳಗಿನ ಪ್ರಾಣಿಗೆ ಜನರ ಮೇಲೆ ಹಾಯುವುದೊಂದೇ ದಾರಿ ಉಳಿಯುತ್ತದೆ. ಸುಮಾರು ಒಂದು ತಿಂಗಳ ಮೇಲೆ ನಾಲೆಯ ಮೋರಿಯ ಕೆಸರಿನಲ್ಲಿ ದೊಡ್ಡ ಹೆಜ್ಜೆಯ ಪಕ್ಕ ಸಣ್ಣ ಹೆಜ್ಜೆಗಳು ಸಿಕ್ಕವು. ಎರಡು ಮರಿಯದೋ ಮೂರರದೋ ಬಿಡಿಸಿ ಹೇಳಲಾಗಲಿಲ್ಲ. ನಾವು ಕ್ಯಾಮೆರಾ ಇಟ್ಟಿದ್ದ ಆರು ತಿಂಗಳಲ್ಲಿ ಜನರ ಮೇಲೆ ದಾಳಿಯಾಗಲಿಲ್ಲ. ಒಂದು ಕರು ಹೋಯಿತು. ಮರಿ ಒಪ್ಪಿಸಿದ್ದರಿಂದಲೇ ದಾಳಿಯಾಗಲಿಲ್ಲ ಎಂದು ನಾನು ಹೇಳುವುದಿಲ್ಲ. ಒಂದು ಊರಿನ ಆರು ತಿಂಗಳು ಅಷ್ಟು ಭಾರ ಹೊರಲಾರದು.

ಇಂಥ ಫೋನು ಬಂದಾಗ ಈಗ ನಾನು ಮೊದಲು ಕೇಳುವ ಪ್ರಶ್ನೆ ಬದಲಾಗಿದೆ. ಮರಿ ಎಷ್ಟು, ಹೇಗಿವೆ ಎಂದು ಕೇಳುವುದಿಲ್ಲ. ಎಲ್ಲಿ ಸಿಕ್ಕವು, ಆ ಜಾಗಕ್ಕೆ ಒಂದು ಕೋಲು ನೆಟ್ಟಿದ್ದೀರಾ ಎಂದು ಕೇಳುತ್ತೇನೆ. ಕಬ್ಬು ಕಡಿದ ಮೇಲೆ ಆ ಗುಣಿ ಯಾವುದೆಂದು ಯಾರಿಗೂ ನೆನಪಿರುವುದಿಲ್ಲ, ಅವಳೊಬ್ಬಳಿಗೆ ಬಿಟ್ಟು. ಎರಡನೆಯದು, ಅಂದು ರಾತ್ರಿ ಆ ಬಯಲಿಗೆ ಕರೆಂಟು ಯಾವ ಪಾಳಿಯಲ್ಲಿ ಬರುತ್ತದೆ ಎಂಬುದು. ಹಗಲು ತ್ರೀ ಫೇಸ್ ಕೊಡಿ ಎಂದು ರೈತರು ಬಹಳ ಕಾಲದಿಂದ ಕೇಳುತ್ತಿರುವುದನ್ನು ನಾನು ಈಗ ವನ್ಯಜೀವಿ ಸಂರಕ್ಷಣೆಯ ಬೇಡಿಕೆ ಎಂದೇ ಎಣಿಸುತ್ತೇನೆ. ಊರಂಚಿನಲ್ಲಿ ಕೋಳಿ ತ್ಯಾಜ್ಯ ಸುರಿಯುವುದನ್ನು ನಿಲ್ಲಿಸಲು ಪಂಚಾಯಿತಿಗೆ ಬರೆದದ್ದೂ ಇದೇ ಪ್ರಕರಣದ ನಂತರ. ತ್ಯಾಜ್ಯವಿದ್ದಲ್ಲಿ ನಾಯಿ, ನಾಯಿಯಿದ್ದಲ್ಲಿ ಚಿರತೆ. ಮಹಾರಾಷ್ಟ್ರದ ಅಕೋಲೆ ಬಯಲಿನಲ್ಲಿ ಚಿರತೆಯ ಹಿಕ್ಕೆ ಪರೀಕ್ಷಿಸಿದಾಗ ಆಹಾರದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ನಾಯಿಯದೇ ಆಗಿತ್ತು. ಸುರಿಯುವುದು ಇನ್ನೂ ಪೂರ್ತಿ ನಿಂತಿಲ್ಲ.

ಮರುವರ್ಷದ ಕಟಾವಿಗೆ ಅದೇ ಗ್ಯಾಂಗು ಬಂತು. ಒಂದು ಬೆಳಿಗ್ಗೆ ಎಂಟಕ್ಕೇ ಗೌಡರ ಮಗನ ಫೋನು: “ಸಾ, ಎಲ್ಡ್ ಮರಿ ಅವೆ. ಯಾರೂ ಮುಟ್ಟಿಲ್ಲ. ಆ ಅಜ್ಜೀನೇ ಮೊದ್ಲು ನೋಡಿದ್ದು, ಸೋಗೆ ಮುಚ್ಚಿ ಕೋಲ್ ನೆಟ್ಟವ್ರೆ. ಎಲ್ಲಾರ್ನೂ ಏರಿ ಆಚೆ ಕೂರ್ಸಿವ್ನಿ.” ಗಾರ್ಡ್ ಹೋಗಿ ಸೋಗೆ ಸರಿಸಿ ನೋಡಿದರೆ ಮಣ್ಣಿನ ಬಣ್ಣ, ಚೂಪು ಕಿವಿ. ಕಾಡುಬೆಕ್ಕಿನ ಮರಿಗಳು. ಗ್ಯಾಂಗು ಬೇರೆ ತುದಿಯಿಂದ ಕಡಿಯಲು ಶುರುಮಾಡಿತು. ಸಂಜೆಯೊಳಗೆ ತಾಯಿ ಬಂದು ಎರಡನ್ನೂ ಒಯ್ದಿತ್ತು.